ವಶೀಲಿ ಬ್ಯಾಡ್ರಿ ಮೇಡಂ

ನಾನು ಧಾರವಾಡದಲ್ಲಿ ಆಪ್ತಸಲಹೆಗಾರ್ತಿ. ಡಿಪ್ಲೊಮಾ ಮುಗಿಸಿ ವರ್ಷ ಕಳೆದರೂ ಕೆಲಸ ಸಿಗದವರು ನನ್ನ ಕೋಣೆಗೆ ಬರುತ್ತಲೇ ಇರುತ್ತಾರೆ. ಕೂತ ಕೂಡಲೇ ಹೇಳುವುದು ಒಂದು ಸಂಖ್ಯೆ. ಈ ಹುಡುಗ ಹೇಳಿದ್ದು 412. ಅಷ್ಟು ಕಡೆ ಅರ್ಜಿ ಹಾಕಿದ್ದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ: ರೋಣದ ಕಡೆಯವನು, ವಯಸ್ಸು 22, ಓದಿದ್ದು ಮೆಕ್ಯಾನಿಕಲ್. ರಾತ್ರಿ ನಿದ್ದೆಯಿಲ್ಲ, ಉಣ್ಣಲು ಕೂತರೆ ಅಪ್ಪನ ಮುಖ ನೋಡಲಾಗುವುದಿಲ್ಲ ಎಂದು ಬಂದಿದ್ದ.

ಮೊದಲ ಎರಡು ಭೇಟಿ ನಿದ್ದೆಯ ಮಾತಿನಲ್ಲೇ ಹೋದವು. ಮೂರನೆಯ ಸಲ ಕೇಳಿದೆ: "ಫೋನ್ ನೋಡಲಾರದ, ಅರ್ಜಿ ಹಾಕಿದ ಹತ್ತು ಕಂಪನಿ ಹೆಸರು ಹೇಳು ತಮ್ಮಾ." ನಾಲ್ಕಕ್ಕೆ ನಿಂತ. ಆ ನಾಲ್ಕರಲ್ಲಿ ಎರಡು ಏನು ತಯಾರಿಸುತ್ತವೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

"ಹೋಗಲಿ, ನೀನ ಕೈಯಾರೆ ರಿಪೇರಿ ಮಾಡಿದ್ದು ಏನರ ಐತೇನು?"

ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿ ಎತ್ತಿಕೊಂಡ. "ಪಂಪ್ ನೀರ ಎತ್ತವಲ್ಲದು ಅಂತ ರೈತರು ಮೋಟರ್ ಬಿಚ್ಚಿಸ್ತಾರ್ರಿ. ಮೋಟರ್ ಛಲೋನ ಇರತೈತಿ. ಕೆಳಗ ಫುಟ್‌ವಾಲ್ವ್‌ನ್ಯಾಗ ಒಂದು ಹರಳ ಸಿಕ್ಕಿರತೈತಿ. ವಾಲ್ವ್ ಪೂರಾ ಮುಚ್ಚಂಗಿಲ್ಲ, ಪೈಪಿನ ನೀರೆಲ್ಲ ಇಳದು ಹೋಗತೈತಿ." ಬಾಟಲಿ ಬಗ್ಗಿಸಿ, ಮುಚ್ಚಳ ಸಡಿಲಿಸಿ ತೋರಿಸಿದ. ನನ್ನ ಫೈಲು ತೊಯ್ದಿತು. ಮೂರು ಭೇಟಿಗಳಲ್ಲಿ ಅವನ ಬೆನ್ನು ನೆಟ್ಟಗಾದದ್ದು ಆಗಲೇ.

"ಇದನ್ನ ಅರ್ಜಿಯಾಗ ಬರದಿಯೇನು?"

"ಅದೇನ್ ಕೆಲಸ ಅಲ್ರಿ. ಸೂಟಿಯೊಳಗ ಮಾವನ ಅಂಗಡ್ಯಾಗ ಮಾಡಿದ್ದು."

ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಿವೆ. ಕಾರ್ಖಾನೆಯಲ್ಲಿ ತಯಾರಾದ ವಾಲ್ವನ್ನು ಹೊರಗೆ ಕಳಿಸುವ ಮುನ್ನ ನೀರಿನ ಒತ್ತಡ ಕೊಟ್ಟು ಸೋರುತ್ತದೆಯೇ ಎಂದು ನೋಡುತ್ತಾರೆ. ಹುಡುಗ ಬಾಟಲಿ ಬಗ್ಗಿಸಿ ಹೇಳಿದ್ದೂ ಸೋರಿಕೆಯ ವಿಷಯವನ್ನೇ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತಿ ನನ್ನ ಬಳಿ ಬರುತ್ತಿದ್ದವನು ಅರ್ಜಿ ಕಳಿಸಿದ್ದು ಮಾತ್ರ ಪುಣೆ, ಚೆನ್ನೈ, ಬೆಂಗಳೂರಿಗೆ. ಡೇಟಾ ಎಂಟ್ರಿಗೂ ಹಾಕಿದ್ದ.

ನಾನು ಹೇಳಿದ್ದು ಇಷ್ಟು. ಒಂದು ತಿಂಗಳು ಫೋನಿನಲ್ಲಿ ಅರ್ಜಿ ಕಳಿಸುವ ಆ ಗುಂಡಿ ಒತ್ತುವುದನ್ನು ನಿಲ್ಲಿಸು. ಏಳು ಕಾರ್ಖಾನೆ ಆರಿಸು. ಏನು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ ಎಂದು ತಿಳಿದುಕೋ. ಒಳಗೆ ಕೆಲಸ ಮಾಡುವ ಒಬ್ಬರನ್ನು ಹುಡುಕು. ಪಾಲಿಟೆಕ್ನಿಕ್ ಸೀನಿಯರ್ ಆದರೂ ಆದೀತು, ಲೇತ್ ಆಪರೇಟರ್ ಆದರೂ ಆದೀತು. ಕೆಲಸ ಕೇಳಬೇಡ, ಹದಿನೈದು ನಿಮಿಷ ಕೇಳು. ಆಮೇಲೆ ಆ ಕಾರ್ಖಾನೆಗಷ್ಟೇ ಹೊಂದುವ ಅರ್ಧ ಪುಟ ಬರೆ, ಫುಟ್‌ವಾಲ್ವ್ ಕತೆ ಅದರಲ್ಲಿರಲಿ. ಯಾರಾದರೂ ದುಡ್ಡು ಕೇಳಿದರೆ ಎದ್ದು ಬಾ.

ಅವನ ಮುಖ ಸಣ್ಣದಾಯಿತು. "ವಶೀಲಿ ಬ್ಯಾಡ್ರಿ ಮೇಡಂ. ನಮ್ಮ ಅಪ್ಪಾರು ಯಾರ ಮುಂದೂ ಕೈ ಚಾಚಿದವರಲ್ಲ."

ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಬರೆಯಲು ಕೂತದ್ದೂ ಅದಕ್ಕೇ. ನಿಯತ್ತಿನ ಮನೆಯ ಮಕ್ಕಳೇ ಹೀಗೆ ಹಿಂದೆ ಸರಿಯುತ್ತಾರೆ. ಯಂತ್ರಕ್ಕೆ ಅರ್ಜಿ ಹಾಕಿದರೆ ಮಾನ ಉಳಿಯಿತು, ಮನುಷ್ಯನನ್ನು ಕೇಳಿದರೆ ಹೋಯಿತು ಎಂಬ ಲೆಕ್ಕ. ಅವನಿಗೆ ಉಪದೇಶ ಮಾಡಬೇಕೆನಿಸಿತು, ತಡೆದುಕೊಂಡೆ.

"ಮಾವನ ಅಂಗಡಿಗೆ ಗಿರಾಕಿ ಬೋರ್ಡ್ ನೋಡಿ ಬರ್ತಾರೇನು?"

"ಇಲ್ರಿ. ಒಬ್ರು ಇನ್ನೊಬ್ರಿಗೆ ಹೇಳ್ತಾರ. ಮಾವ ಮೋಟರ್ ಬಿಚ್ಚೂಕಿಂತ ಮೊದಲ ಕೆಳಗ ನೋಡ್ತಾರ ಅಂತ."

"ಅದು ವಶೀಲಿ ಏನು?"

ಬಹಳ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಉತ್ತರ ಕೊಡಲಿಲ್ಲ. ಎದ್ದು ಹೋಗುವಾಗ, "ಏಳು ಅಂದ್ರಿ ಅಲ್ರೀ?" ಎಂದ.

ಆಪ್ತಸಲಹೆಗಾರರು ನೋವು ಕೇಳಬೇಕು, ಉದ್ಯೋಗ ವಿನಿಮಯ ಕಚೇರಿ ನಡೆಸಬಾರದು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪಲಾರೆ. ಅವನ ನಿದ್ದೆ ಕೆಡಿಸಿದ್ದು ಬೈಗುಳವಲ್ಲ, ಉತ್ತರವೇ ಬಾರದ 412 ಅರ್ಜಿ. 'ನೀ ಬ್ಯಾಡ' ಎಂದು ಒಬ್ಬರಾದರೂ ಮುಖ ನೋಡಿ ಹೇಳಿದ್ದರೆ ಅದಕ್ಕಿಂತ ಹಗುರಾಗುತ್ತಿತ್ತು. ಅವರ ಎರಡನೆಯ ಮಾತು ಮಾತ್ರ ಚುಚ್ಚಿತು: ಪರಿಚಯವೇ ಇಲ್ಲದವರು ಏನು ಮಾಡಬೇಕು? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಿಚಯದವರಿಂದ ಕೆಲಸದ ಸುಳಿವು ಪಡೆದವರಲ್ಲಿ ಆ ವ್ಯಕ್ತಿಯನ್ನು ಆಗಾಗ ಭೇಟಿಯಾಗುತ್ತಿದ್ದವರು 100ಕ್ಕೆ 17ರಷ್ಟು ಮಾತ್ರ. ಉಳಿದವರದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರ ತೆಳುವಾದ ಗುರುತು. ಹುಡುಗನಿಗೆ ಇದನ್ನು ಧೈರ್ಯಕ್ಕೆಂದು ಹೇಳಿದ್ದೆ. ಆದರೂ ನಮ್ಮಲ್ಲಿ ಲೇತ್ ಆಪರೇಟರನ ಮಾತು ಮ್ಯಾನೇಜರ್‌ವರೆಗೆ ಹೋಗುವುದಿಲ್ಲ, ಅಡ್ಡಹೆಸರು ಕೇಳಿದ ಮೇಲೆ ಕೆಲವರ ದನಿಯೇ ಬದಲಾಗುತ್ತದೆ. ಹುಡುಗಿಯರನ್ನು ಕಾರ್ಖಾನೆ ಗೇಟಿಗೆ ಒಬ್ಬರೇ ಹೋಗಿ ನಿಲ್ಲಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಕಲಿಸಿದ ಮೇಷ್ಟ್ರಿಂದ ಒಂದು ಫೋನ್ ಮಾಡಿಸಿಕೊಳ್ಳಲು ಹೇಳುತ್ತೇನೆ.

ಏಳರಲ್ಲಿ ಮೂರು ಕಡೆ ವಾಚ್‌ಮನ್ ಒಳಗೇ ಬಿಡಲಿಲ್ಲ. ಇನ್ನು ಮೂರು ಕಡೆ 'ಆಮೇಲೆ ಬಾ'. ಒಂದು ಕಡೆ ಚಹಾ ಕುಡಿಸಿ, ಈಗ ಯಾರನ್ನೂ ತಗೊಳ್ಳುತ್ತಿಲ್ಲ ಎಂದರು. ಅಲ್ಲಿಯ ಸೂಪರ್‌ವೈಸರ್ ಪಟ್ಟಿಯಲ್ಲೇ ಇಲ್ಲದ ಎಂಟನೆಯ ಕಾರ್ಖಾನೆಯ ಹೆಸರು ಹೇಳಿದರು. ಈಗ ಅಲ್ಲಿ ಒಂದು ವರ್ಷದ ಅಪ್ರೆಂಟಿಸ್, ಟೆಸ್ಟಿಂಗ್ ವಿಭಾಗದಲ್ಲಿ. ಕಾಯಂ ಆಗುತ್ತದೆ ಎಂದು ಯಾರೂ ಹೇಳಿಲ್ಲ.

ಕಳೆದ ತಿಂಗಳು ಫೋನ್ ಮಾಡಿದ್ದ. ನಿದ್ದೆ ಹೇಗಿದೆ ಎಂದು ಕೇಳಿದೆ. "ನಿದ್ದಿ ಬರತೈತ್ರಿ. ಆದ್ರ ಅಪ್ಪಾರು ಇನ್ನೂ ಯಾರ ಕೈ ಹಿಡದಿ ಅಂತ ಕೇಳತಾರ್ರಿ. ಯಾರ್ದೂ ಇಲ್ಲ ಅಂದ್ರ ನಂಬವಲ್ಲರು."