ಮೂಗು ಕುಣಿಯೋದು ನಿಲ್ಲಬೇಕಾದ್ರೆ ಮೊದಲು ಟ್ರಿಮ್ ಕಲೀರಿ

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಇಳಿಸುವಾಗ ಅದರ ಮೂಗು ಮೇಲೆ ಕೆಳಗೆ ಕುಣಿಯುತ್ತೆ, ದುಬಾರಿ ಜಾಯ್‌ಸ್ಟಿಕ್ ತಗೋಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ, ದುಡ್ಡು ಉಳಿಸಿ.

ನಿಜವಾದ ವಿಮಾನದ ಯೋಕ್, ಅಂದ್ರೆ ಪೈಲಟ್ ಹಿಡಿಯೋ ಸ್ಟೀರಿಂಗ್ ಥರದ ಹಿಡಿಕೆ, ಬಹಳ ದೂರ ಚಲಿಸುತ್ತೆ. ನಿಮ್ಮ ಜಾಯ್‌ಸ್ಟಿಕ್ ಚಲಿಸೋದು ಕೆಲವೇ ಬೆರಳಿನಷ್ಟು, ಹಾಗಾಗಿ ಸಣ್ಣ ಅಲುಗಾಟವೂ ದೊಡ್ಡದಾಗುತ್ತೆ. ಸಿಮ್ಯುಲೇಟರ್ ಸೆಟ್ಟಿಂಗ್ಸಿನ ಸೆನ್ಸಿಟಿವಿಟಿಗೆ ಹೋಗಿ ಪಿಚ್ (ಮೂಗನ್ನು ಮೇಲೆ ಕೆಳಗೆ ಮಾಡೋ ಚಲನೆ) ಕರ್ವ್ ಅನ್ನು ಮೈನಸ್ 30ಕ್ಕೆ ತನ್ನಿ. ಸ್ಟಿಕ್ ನಡುವಿನ ಹತ್ತಿರ ಇದ್ದಾಗ ವಿಮಾನದ ಸ್ಪಂದನೆ ಮೆತ್ತಗಾಗುತ್ತೆ. ಡೆಡ್ ಝೋನ್ ಮಾತ್ರ ಜಾಸ್ತಿ ಮಾಡಬೇಡಿ. ಕೈ ಆಡಿಸಿದರೂ ವಿಮಾನ ಕೇಳದ ಜಾಗ ಅದು, ಇಳಿಯುವಾಗ ಬಹಳ ಕಾಡುತ್ತೆ.

ಅಸಲಿ ಮದ್ದು ಟ್ರಿಮ್, ಅಂದ್ರೆ ನೀವು ಸ್ಟಿಕ್ ಹಿಡಿದಿರದಿದ್ದರೂ ಮೂಗನ್ನು ಅದೇ ಜಾಗದಲ್ಲಿ ನಿಲ್ಲಿಸೋ ಹೊಂದಾಣಿಕೆ. ಮೂಗನ್ನು ಸ್ಟಿಕ್‌ನಿಂದ ಸರಿಯಾದ ಜಾಗದಲ್ಲಿ ಹಿಡಿದಿಡಿ. ಟ್ರಿಮ್ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ, ಅದರ ಜೊತೆಜೊತೆಗೇ ಸ್ಟಿಕ್ಕನ್ನು ನಡುವಿಗೆ ಬಿಡುತ್ತಾ ಬನ್ನಿ. ಕೈ ಬಿಟ್ಟಾಗಲೂ ಮೂಗು ಅಲ್ಲೇ ನಿಂತರೆ ಗೆದ್ದಿರಿ. ಆ ಕ್ಷಣದ ಖುಷಿ ನನಗೆ ಇವತ್ತಿಗೂ ಹಳತಾಗಿಲ್ಲ.

ಕೊನೆಯ ಹಂತದಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಚುವ ಪಟ್ಟಿ) ಪೂರ್ತಿ ಇಳಿಸಿ 65 ನಾಟ್ ಹಿಡೀರಿ. ಇಳಿಯುವ ದರಕ್ಕೆ ಸುಲಭ ಲೆಕ್ಕ: ನೆಲದ ಮೇಲೆ ಸಾಗೋ ವೇಗ (ನಾಟ್‌ಗಳಲ್ಲಿ) ಗುಣಿಲೆ 5, ಅಂದ್ರೆ ಗಾಳಿ ಇಲ್ಲದಾಗ ನಿಮಿಷಕ್ಕೆ ಸುಮಾರು 325 ಅಡಿ.

ಒಂದು ಮಾತು, ಅಭ್ಯಾಸಕ್ಕೆ ಮಂಗಳೂರನ್ನೇ ಆರಿಸಿಕೊಂಡಿದ್ದೀರಿ. ಅಲ್ಲಿನ ಬಜ್ಪೆ ವಿಮಾನ ನಿಲ್ದಾಣದ್ದು ಟೇಬಲ್‌ಟಾಪ್ ರನ್‌ವೇ, ಅಂಚಿನಾಚೆ ನೆಲವೇ ಕುಸಿಯೋದರಿಂದ ಎತ್ತರದ ಅಂದಾಜಿನಲ್ಲಿ ಕಣ್ಣು ಮೋಸ ಹೋಗುತ್ತೆ. ಮೊದಲು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಹತ್ತು ಸಲ ಇಳಿಸಿ, ಆಮೇಲೆ ಅಲ್ಲಿಗೆ ಹೋಗಿ. ಕರ್ವ್ ಬದಲಿಸಿದ ಮೇಲೂ ಕುಣಿದರೆ ಫ್ರೇಮ್ ರೇಟ್ (ಸೆಕೆಂಡಿಗೆ ತೆರೆ ಮೇಲೆ ಮೂಡೋ ಚಿತ್ರಗಳ ಸಂಖ್ಯೆ) ಎಷ್ಟು ಬರ್ತಿದೆ ಅಂತ ಬರೀರಿ, ನೋಡೋಣ.