ಅಷ್ಟು ದಪ್ಪ ಕವಚ ಇರುವ ಟ್ಯಾಂಕು ಸಣ್ಣ ಡ್ರೋನಿಗೆ ಹೇಗೆ ಸುಟ್ಟುಹೋಗುತ್ತದೆ?

ನಾನು ಅಕ್ಕಲಕೋಟ ತಾಲೂಕಿನವ. ಟಿ-72 ಎಂಬ ಟ್ಯಾಂಕಿನಲ್ಲಿ ಗನ್ನರ್, ಅಂದರೆ ತೋಪು ಹೊಡೆಯುವವ, ಆಗಿದ್ದೆ, ಈಗ ಊರಲ್ಲಿ ಜೋಳ, ತೊಗರಿ ಬೆಳೆಯುತ್ತೇನೆ. ರಜೆಗೆ ಬಂದಾಗಲೆಲ್ಲ ನಮ್ಮವ್ವ ಕೇಳುತ್ತಿದ್ದಳು: "ಅಷ್ಟು ದಪ್ಪ ಕಬ್ಬಿಣದಾಗ ಕುಂದರ್ತಿ, ನಿನಗೇನೂ ಆಗಂಗಿಲ್ಲ ಹೌದಲ್ಲೋ?" ಹೂಂ ಅಂದುಬಿಡುತ್ತಿದ್ದೆ. ನಿಮಗೆ ಪೂರ್ತಿ ಹೇಳುತ್ತೇನೆ.

ಆ ಕಬ್ಬಿಣ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ವೈರಿ ಎದುರಿಗಿರುತ್ತಾನೆ ಎಂಬ ಲೆಕ್ಕದಲ್ಲಿ ಭಾರವನ್ನೆಲ್ಲ ಮುಂಭಾಗಕ್ಕೂ ಟರೆಟ್ಟಿನ (ತೋಪು ಹೊತ್ತು ತಿರುಗುವ ಮೇಲಿನ ಗೋಪುರದ) ಕೆನ್ನೆಗೂ ಕೊಟ್ಟಿರುತ್ತಾರೆ. ಪಕ್ಕ ತೆಳು, ಬೆನ್ನು, ನೆತ್ತಿ ಇನ್ನೂ ತೆಳು. ಟಿ-72 ಈಗಲೇ 41 ಟನ್ನಿನ ಆಸುಪಾಸು ತೂಗುತ್ತದೆ. ಸುತ್ತಲೂ ಮುಂಭಾಗದಷ್ಟೇ ದಪ್ಪ ಹೊದಿಸಿದರೆ ನಮ್ಮಂಥ ಎರೆಭೂಮಿಯಲ್ಲಿ ಹೂತು ನಿಂತೀತು.

ಡ್ರೋನು ಹುಡುಕಿಕೊಂಡು ಬರುವುದು ಆ ನೆತ್ತಿಯನ್ನೇ. ಅದು ಹೊತ್ತ ಸಿಡಿತಲೆಯೊಳಗೆ ತಾಮ್ರದ ಲಾಳಿಕೆಯೊಂದು ಇರುತ್ತದೆ. ಸಿಡಿದ ಕೂಡಲೇ ತಾಮ್ರ ಹಿಂಡಿಕೊಂಡು ಸೂಜಿಯಂಥ ಧಾರೆಯಾಗುತ್ತದೆ, ತುದಿಯ ವೇಗ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್. ಅದು ಉಕ್ಕನ್ನು ಕರಗಿಸುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಒತ್ತಡದಿಂದಲೇ ಉಕ್ಕನ್ನು ಬದಿಗೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಟ್ಯಾಂಕಿನ ಮೇಲೆ ಇಟ್ಟಿಗೆ ಜೋಡಿಸಿದಂತೆ ಕಾಣುವ ಡಬ್ಬಿಗಳು ಇದಕ್ಕಾಗಿಯೇ. ಒಳಗೆ ಎರಡು ತಗಡಿನ ನಡುವೆ ಸ್ಫೋಟಕ. ಧಾರೆ ತಾಗಿದಾಗ ಅದು ಸಿಡಿದು, ತಗಡು ಅಡ್ಡ ಹಾಯ್ದು ಧಾರೆಯನ್ನು ಚದುರಿಸುತ್ತದೆ. ಆದರೆ ಒಂದು ಡಬ್ಬಿ ಒಂದೇ ಸಲಕ್ಕೆ.

ಇಷ್ಟಾದರೂ ತೂತೊಂದರಿಂದಲೇ ಟ್ಯಾಂಕು ಸುಡುವುದಿಲ್ಲ. ನಾನು ಕೂರುತ್ತಿದ್ದ ಜಾಗ ನೋಡಿ: ತೋಪಿನ ಎಡಕ್ಕೆ ನಾನು, ಬಲಕ್ಕೆ ಕಮಾಂಡರ್, ಕೆಳಗೆ 22 ಗೋಲಾ ಮತ್ತು ಅವುಗಳ ಮದ್ದು ತುಂಬಿದ ತಿರುಗುವ ಚಕ್ರ. ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ನಳಿಗೆ ತುಸು ಮೇಲೆದ್ದು ನಿಲ್ಲುತ್ತದೆ, ಮೊದಲು ಗೋಲಾ, ಹಿಂದೆಯೇ ಮದ್ದಿನ ಕೋಶ ಒಳಗೆ ಹೋಗುತ್ತವೆ. ಹೊಡೆದ ಮೇಲೆ ಕೋಶ ಪೂರಾ ಉರಿದು ತಳದ ಲೋಹದ ಬಟ್ಟಲಷ್ಟೇ ಉಳಿಯುತ್ತದೆ. ಟರೆಟ್ಟಿನ ಹಿಂದಿನ ಸಣ್ಣ ಮುಚ್ಚಳ ತೆರೆದು ಯಂತ್ರವೇ ಅದನ್ನು ಹೊರಗೆಸೆಯುತ್ತದೆ. ಆ ಗಳಿಗೆಯಲ್ಲಿ ಒಳಗೆ ಬೀಳುವ ಬಿಸಿಲಿನ ತುಂಡು, ಮೂಗಿಗಡರುವ ಮದ್ದಿನ ವಾಸನೆ ಇವತ್ತಿಗೂ ನೆನಪಿದೆ. ಈ ಯಂತ್ರದಿಂದ ಗೋಲಾ ತುಂಬುವ ನಾಲ್ಕನೆಯ ಆಳು ಬೇಡವಾದ, ಟ್ಯಾಂಕು ಗಿಡ್ಡವಾಯಿತು. ಆದರೆ ಹಾಗೆ ಸುಲಭವಾಗಿ ಉರಿಯುವ ಮದ್ದಿಗೆ ಧಾರೆ ತಾಗಿದರೆ ಎಲ್ಲವೂ ಒಟ್ಟಿಗೆ ಹೊತ್ತಿಕೊಂಡು, ಒತ್ತಡಕ್ಕೆ ಟರೆಟ್ಟೇ ಹಾರುತ್ತದೆ. ಅಮೆರಿಕದ ಅಬ್ರಾಮ್ಸ್‌ನಲ್ಲಿ ಹೆಚ್ಚಿನ ಗೋಲಾಗಳನ್ನು ಟರೆಟ್ಟಿನ ಹಿಂಭಾಗದಲ್ಲಿ, ಪಕ್ಕಕ್ಕೆ ಸರಿಯುವ ಉಕ್ಕಿನ ಬಾಗಿಲಿನ ಆಚೆ ಇಡುತ್ತಾರೆ. ಅವು ಹೊತ್ತಿದರೆ ಮೇಲಿನ ತಗಡು ಕಿತ್ತು ಬೆಂಕಿ ಆಕಾಶಕ್ಕೆ ಹೋಗುತ್ತದೆ. ಮನುಷ್ಯ ಬದುಕುವ ಮಾತಾದರೆ ನಾನು ಮುಂಭಾಗದ ದಪ್ಪಕ್ಕಿಂತ ಆ ಬಾಗಿಲನ್ನೇ ಮೇಲೆ ಇಡುತ್ತೇನೆ.

ಹಾಗಂತ ಟ್ಯಾಂಕಿನ ಕಾಲ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. 125 ಮಿಲಿಮೀಟರಿನ ತೋಪಿನಿಂದ ಹೊರಟ ಬಾಣದಂಥ ಗೋಲಾ ಗೊಂಜಾಳದ ತೆನೆ ಸುಲಿದಂತೆ ತನ್ನ ಹೊರಕವಚ ಉದುರಿಸಿ, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಮೀರಿ ಓಡುತ್ತದೆ. ಬಯಲಿನಲ್ಲಿ ಕಾಲಾಳುಗಳ ಜೊತೆಜೊತೆಗೇ ನಡೆದು ಇಂಥದ್ದನ್ನು ಹೊಡೆಯುವ ಗಾಡಿಗಳು ಬಹಳ ಇಲ್ಲ. ನೆತ್ತಿಗೆ ಜಾಲರಿ ಕಟ್ಟುತ್ತಿದ್ದಾರೆ. ಇಸ್ರೇಲಿನ ಮೆರ್ಕಾವಾ ಟ್ಯಾಂಕಿನಲ್ಲಿ ಬರುವ ರಾಕೆಟ್ಟನ್ನು ರೇಡಾರಿನಿಂದ ಗುರುತಿಸಿ ದಾರಿಯಲ್ಲೇ ಒಡೆಯುವ ಟ್ರೋಫಿ ಎಂಬ ವ್ಯವಸ್ಥೆ 2011ರಲ್ಲೇ ನಿಜವಾದ ದಾಳಿಯನ್ನು ತಡೆದಿದೆ.

ಅಹಿಲ್ಯಾನಗರದ (ಹಿಂದಿನ ಅಹಮದನಗರ) ಟ್ಯಾಂಕ್ ಮ್ಯೂಸಿಯಂಗೆ ಹೋದರೆ ಮುಂದೆ ನಿಂತು ಫೋಟೋ ತೆಗೆದು ಬಂದುಬಿಡಬೇಡಿ. ಹಿಂದೆ ಹೋಗಿ ಇಂಜಿನ್ನಿನ ಮೇಲಿನ ಗಾಳಿಕಿಂಡಿಗಳನ್ನು ನೋಡಿ, ಬೆನ್ನು ಎಷ್ಟು ತೆಳು ಅಂತ ಅಲ್ಲಿ ಗೊತ್ತಾಗುತ್ತದೆ.