ಕಕ್ಕಡದ ಪಾಯಸ, ಕೆಂಪು ಮೂತ್ರ

ಪ್ರಶ್ನೆ: ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದೆವು. ನಮಗೆಲ್ಲ ಕೆಂಪಾದ ಮೂತ್ರ ಬೇಗ ತಿಳಿಯಾಯಿತು. ಯಜಮಾನರಿಗೆ ನಾಲ್ಕನೇ ದಿನವೂ ಕಂದುಗೆಂಪು. ಜ್ವರ, ಮೈಕೈ ನೋವು ಬೇರೆ. ನಾಟಿ ಕೆಲಸದ ಸುಸ್ತು ಅನ್ನುತ್ತಾರೆ; ಮದ್ದು ಮೈಗೆ ಹಿಡಿದಿದೆ ಅಂತ ಅತ್ತೆ. ಕಾಯಬಹುದೇ? (ಪೊನ್ನಂಪೇಟೆ)

ಉತ್ತರ: ಕಾಯಬಾರದು. ನಿಮಗೆ ಫೋನಿನಲ್ಲೇ ಹೇಳಿಯಾಗಿದೆ. ಇಲ್ಲಿ ಬರೆಯುತ್ತಿರುವುದು ಉಳಿದ ಮನೆಗಳಿಗಾಗಿ. ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ.

ಸೊಪ್ಪು ಬೇಯಿಸಿದ ನೀರು ನೇರಳೆಗೆ ತಿರುಗುತ್ತದಲ್ಲ, ಆ ಬಣ್ಣವೇ ಮೂತ್ರದಲ್ಲೂ ಇಳಿಯುತ್ತದೆ. ಆ ದಿನ ಸೊಪ್ಪಿನಲ್ಲಿ ಇರುತ್ತವೆಂದು ನಂಬುವ ಹದಿನೆಂಟು ಮದ್ದೂ ಮೈಗೆ ಹತ್ತಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಪಾಯಸ ತಿನ್ನಿ, ನಾನೂ ತಿನ್ನುತ್ತೇನೆ. ಆದರೆ ಜ್ವರ ಬಂದ ಮೇಲೆ ಪಾಯಸದ ಮೇಲೆ ಹೊರೆ ಹೊರಿಸಬೇಡಿ.

ಗದ್ದೆಯ ಕೆಸರಲ್ಲಿ ನಿಂತವರಿಗೆ ಮೊದಲು ಅನುಮಾನಿಸಬೇಕಾದದ್ದು ಇಲಿ ಜ್ವರ. ಇಲಿ ಮೂತ್ರ ಬೆರೆತ ನೀರಿನಿಂದ ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಹೊಗುತ್ತದೆ. ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೆರಡು ವಾರಕ್ಕೆ. ಮೀನಖಂಡ ಮುಟ್ಟಿಸಿಕೊಳ್ಳಲಾಗದಷ್ಟು ನೋವು, ಗೀಜು ಕಟ್ಟದೆ ಕೆಂಪಾದ ಕಣ್ಣು, ಕೆಲವರಿಗೆ ಆಮೇಲೆ ಕಾಮಾಲೆ. ಕಾಮಾಲೆಯ ಮೂತ್ರವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅಲುಗಾಡಿಸಿದರೆ ನೊರೆಯೂ ಹಳದಿ. ಕಣ್ಣಿನ ಬಿಳಿಭಾಗವನ್ನು ಹಗಲು ಬೆಳಕಲ್ಲಿ ನೋಡಿ, ಬಲ್ಬಿನ ಕೆಳಗಲ್ಲ. ಎರಡೂ ಸರಿ ಕಂಡರೂ ರಕ್ತ ಪರೀಕ್ಷೆ ತಪ್ಪಿಸಬೇಡಿ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಲೇಬೇಕು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ ಔಷಧಗಳೇ ಕೆಲಸ ಮಾಡುತ್ತವೆ. ತಡವಾದರೆ ಮೂತ್ರವೇ ಕಡಿಮೆಯಾಗಿ ಡಯಾಲಿಸಿಸ್‌ವರೆಗೂ ಹೋಗಬಹುದು.

ಇಷ್ಟರ ನಡುವೆ ಮೆಡಿಕಲ್‌ನಲ್ಲಿ ಕೇಳಿ ನೋವಿನ ಮಾತ್ರೆ ಡೈಕ್ಲೋಫೆನಾಕ್ ನುಂಗಿಸುತ್ತೀರಿ, ಅದರಿಂದ ಕಿಡ್ನಿಗೆ ಇನ್ನೊಂದು ಪೆಟ್ಟು. ಕಾಮಾಲೆಯೆಂದು ಕೈಗೆ ಬರೆ ಹಾಕಿಸುತ್ತೀರಿ, ಕಣ್ಣಿಗೆ ಸೊಪ್ಪಿನ ರಸ ಬಿಡಿಸುತ್ತೀರಿ. ಬರೆ ಹಾಕುವವರು ಹಾಳುಮಾಡುವುದು ಚಿಕಿತ್ಸೆಗೆ ಸಿಕ್ಕಬೇಕಿದ್ದ ದಿನಗಳನ್ನು. ಅದಕ್ಕೆ ದುಡ್ಡನ್ನೂ ಕೊಟ್ಟು ಬರುತ್ತೀರಿ!

ಬಿ-ಕಾಂಪ್ಲೆಕ್ಸ್ ನುಂಗಿದ ಮೇಲೆ ಮೂತ್ರ ಕಡು ಹಳದಿ. (ಕುಶಾಲನಗರ)

ಮಾತ್ರೆಯಲ್ಲಿರುವ ರೈಬೋಫ್ಲೇವಿನ್‌ನ (ಬಿ2 ವಿಟಮಿನ್) ಬಣ್ಣ. ಚಿಂತೆ ಬೇಡ.

ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು? (ಮಡಿಕೇರಿ)

ಲೀಟರ್ ಲೆಕ್ಕ ಬಿಡಿ. ಹಗಲಿನ ಮೂತ್ರ ತಿಳಿ ಹಳದಿ ಇದ್ದರೆ ಸಾಕು. ನೀರಿನಂತೆ ಬಿಳಿಯಾಗಲಿ ಎಂದು ಕುಡಿಯುತ್ತಲೇ ಇರಬೇಕಿಲ್ಲ. ಬೆಳಗಿನ ಮೊದಲ ಮೂತ್ರ ಕಡು ಇರುವುದು ಸಹಜ. ಹೃದಯ, ಕಿಡ್ನಿ ತೊಂದರೆಗೆ ನೀರು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಅದನ್ನೇ ಪಾಲಿಸಿ.

ವಯಸ್ಸು 55, ಬೀಡಿ ಸೇದುತ್ತೇನೆ. ನೋವಿಲ್ಲದೆ ಒಮ್ಮೆ ಮೂತ್ರದಲ್ಲಿ ರಕ್ತ ಹೋಗಿ ತಾನಾಗಿಯೇ ನಿಂತಿತು. (ಸೋಮವಾರಪೇಟೆ)

ನಿಂತಿತೆಂದು ಸುಮ್ಮನಾಗಬೇಡಿ. ಮೂತ್ರಕೋಶದ ಕ್ಯಾನ್ಸರ್ ಹೀಗೆ ಒಮ್ಮೆ ತೋರಿಸಿಕೊಂಡು ತಿಂಗಳುಗಟ್ಟಲೆ ಅಡಗಿರಬಹುದು. ಈ ವಾರವೇ ಯೂರಾಲಜಿಸ್ಟ್ (ಮೂತ್ರರೋಗ ತಜ್ಞರು) ಬಳಿ ಹೋಗಿ.